ಅಪ್ಪನ ಬೇಸ್ ಗಿಟಾರಿಗೆ ಹೊಸ ತಂತಿ

ಹೊಸ ತಂತಿಯ ಲೋಹದ ವಾಸನೆ ಮೂಗಿಗೆ ತಾಗಿದರೆ ಈಗಲೂ ಉಗಾರದ ನಮ್ಮ ಪಡಸಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಮದುವೆ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ಲಕ್ವಾ ಹೊಡೆದು, ತಂತಿ ಒತ್ತುವ ಎಡಗೈ ಬಿದ್ದುಹೋದ ಮೇಲೆ ಗಿಟಾರ್ ಮೂಲೆ ಸೇರಿತ್ತು. ಅವತ್ತು ಅವನ ಹಾಗೆಯೇ ಬೇಸ್ ನುಡಿಸುವ ಇಬ್ಬರು ಗೆಳೆಯರು, ಕಾಗವಾಡದ ಬಾಹುಬಲಿ ಕಾಕಾ ಮತ್ತು ಮಿರಜದ ಸಲೀಂ ಕಾಕಾ, ಹೊಸ ತಂತಿ ತಂದು ತಾವೇ ಕಟ್ಟಿದರು.

“ನಾ ಈಗ ಐದ ತಂತೀದು ತೊಗೊಂಡೇನಿ. ನೆಲಾ ನಡಗಸ್ತೈತಿ,” ಎಂದ ಸಲೀಂ ಕಾಕಾ.

“ಐದನೇದು ಯಾಕಲೇ? ನಾಲ್ಕರಾಗ ಎಲ್ಲಾ ಐತಿ,” ಎಂದ ಅಪ್ಪ. ಎಷ್ಟೋ ತಿಂಗಳ ಮೇಲೆ ಅವನು ನಕ್ಕಿದ್ದ.

“ನನಗ ಹಳೇ ತಂತೀನ ಸೇರತಾವ. ಹೊಸಾವು ಭಾಳ ಕಿಣಿಕಿಣಿ ಅಂತಾವ,” ಎಂದ ಬಾಹುಬಲಿ ಕಾಕಾ. “ಅಥಣ್ಯಾಗ ಒಂದ ದೊಡ್ಡ ಕಾರ್ಯಕ್ರಮ ಐತಿ. ಬಾರಸಾಕ ನೀನ ಬರಬೇಕ ನೋಡ.”

ಅಪ್ಪ ಗಿಟಾರನ್ನು ತೊಡೆಯ ಮೇಲೆ ಇಡಿಸಿಕೊಂಡು, ಆಗಿನ್ನೂ ಚಿಕ್ಕವಳಾಗಿದ್ದ ನನ್ನನ್ನು ಕರೆದ. “ಬಾ ಯವ್ವಾ, ಇಲ್ಲಿ ಗಟ್ಟಿ ಒತ್ತಿ ಹಿಡಿ. ನಾ ಬಾರಸ್ತೇನಿ.”

ದಪ್ಪ ತಂತಿಯನ್ನು ನಾನು ಎರಡೂ ಕೈಯ ಬೆರಳುಗಳಿಂದ ಒತ್ತಿದೆ. ಅವನು ಬಲಗೈಯಿಂದ ಮೀಟಿದ. ಗರ್ರ್ ಎಂದಿತೇ ಹೊರತು ಸ್ವರ ಬರಲಿಲ್ಲ. ಇನ್ನೊಮ್ಮೆ ಮೀಟಿದ, ಅದೇ ಸದ್ದು. ಬೆರಳು ಉರಿದು ನನ್ನ ಕಣ್ಣು ತುಂಬಿತು.

“ಬಿಡ ಯವ್ವಾ,” ಎಂದ ಅಪ್ಪ. ಆಮೇಲೆ ಬಾಹುಬಲಿ ಕಾಕಾನ ಕಡೆ ತಿರುಗಿ, “ಹೋಗೂಮುಂದ ಇದನ್ನ ಒಯ್ದಬಿಡ,” ಎಂದ.

ಬೇಡವೆನ್ನಲು ಬಾಯಿ ತೆರೆದ ಕಾಕಾ ಅಪ್ಪನ ಮುಖ ನೋಡಿ ಗಿಟಾರ್ ಎತ್ತಿಕೊಂಡ. ಅವರಿಬ್ಬರೂ ಹೊರಟಾಗ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವ್ವ ಎಷ್ಟು ಕರೆದರೂ ಊಟಕ್ಕೆ ಏಳಲಿಲ್ಲ.