ಸಿಂಗಪುರದ ದೋಣಿ

ಮಕ್ಕಳೇ, ದೋಣಿಯಲ್ಲಿ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ನಗುತ್ತಿರುವ ನಿಮ್ಮ ಫೋಟೋ ನೋಡಿ ನನಗೆ ಚಿಕ್ಕಪ್ಪನ ನೆನಪಾಯಿತು.

ರಾಯದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಚಿಕ್ಕಪ್ಪ ಹೆಂಡತಿ, ಮಗಳೊಂದಿಗೆ ಸಿಂಗಪುರ ನೋಡಿ ಬಂದಿದ್ದ. ಒಲೆಯ ಹೊಗೆಯಲ್ಲೂ ಕಪ್ಪು ಕನ್ನಡಕ ತೆಗೆಯದೆ ಊಟಕ್ಕೆ ಕೂತು, ಸಮುದ್ರದ ನಡುವೆ ದೋಣಿ ಓಲಾಡಿದ ಕಥೆಯನ್ನು ಅಜ್ಜಿಗೆ ಹೇಳುತ್ತಿದ್ದ.

“ನಾನು ಕಲ್ಲಿನಂಗ ಕುಂತಿದ್ದೆ ಯವ್ವಾ. ಇಕಿ ‘ಸತ್ನೆಪ್ಪೋ’ ಅಂತ ಬಾಯಿ ಬಡ್ಕೊಂಡ್ಳು. ಪರದೇಶದಾಗ ನನ್ನ ಮಾನ ಕಳೆದ್ಳು!”

ಎಲ್ಲರೂ ನಕ್ಕರು. ಚಿಕ್ಕಮ್ಮ ತಲೆ ಎತ್ತದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಪುಟ್ಟ ಮಗಳು ಕೇಳಿದಳು:

“ಅಪ್ಪಾ, ಮುಳುಗಬಾರದು ಅಂತ ಕೊಟ್ಟ ಅವ್ವನ ಜಾಕೀಟೂ ನೀನ ಹಾಕ್ಕೊಂಡಿದ್ದಿಯಲ್ಲ, ನಿನ್ನದರ ಮ್ಯಾಲೆ?”

ನಗು ನಿಂತಿತು.

“ಅದು... ದೊಡ್ಡ ಮೈ ಇದ್ದೋರಿಗೆ ಎರಡು ಬೇಕಾಗ್ತಾವ” ಎಂದ ಚಿಕ್ಕಪ್ಪ.

ಗಂಡುಮಕ್ಕಳನ್ನೆಲ್ಲ ‘ಲೇ’ ಎಂದೇ ಕರೆಯುತ್ತಿದ್ದ ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಹೌದ್ರಿ. ಭಾಳ ದೊಡ್ಡೋರು ನೀವು. ಉಣ್ರಿ.”

ಚಿಕ್ಕಮ್ಮನ ಕೈ ರೊಟ್ಟಿಯ ಮೇಲೆಯೇ ನಿಂತಿತು. ಚಿಕ್ಕಪ್ಪ ತುತ್ತನ್ನು ತಟ್ಟೆಗೆ ಹಾಕಿ, “ಯವ್ವಾ, ಲೇ ಅನ್ನವ್ವಾ” ಎಂದು ಗೋಗರೆದ.

ಸಾಯುವವರೆಗೂ ಅಜ್ಜಿ ಆ ಮಗನೊಬ್ಬನಿಗೆ ಮಾತ್ರ ‘ಬರ್ರಿ, ಕುಂದರ್ರಿ’ ಎನ್ನುತ್ತಿದ್ದಳು.