ಜೇಬಿನ ಸ್ಕ್ರೂಡ್ರೈವರ್

ರೋಬೋಟ್ ಮೊದಲ ಸಲ ಗೆರೆ ತಪ್ಪದೆ ಮೇಜಿನ ಆ ತುದಿ ಮುಟ್ಟಿತು. ಮಕ್ಕಳು ಯಾರೂ ಚಪ್ಪಾಳೆ ತಟ್ಟಲಿಲ್ಲ. ದಿನವಿಡೀ ಬಸ್ ಓಡಿಸಿ, ಸಂಜೆ ಪುಕ್ಕಟೆಯಾಗಿ ಅವರಿಗೆ ಕಲಿಸಲು ಬರುವ ಡ್ರೈವರ್ ಮಾಮ ಆಕಳಿಕೆ ನುಂಗಿಕೊಂಡು, "ಯಾಕ್ರೋ, ಮುಖ ಸಪ್ಪಗಿದೆ?" ಎಂದ.

ಎಲ್ಲರಿಗಿಂತ ಚಿಕ್ಕವಳಾದ ಪುಟ್ಟಿ ರೋಬೋಟನ್ನು ಬೋರಲು ಹಾಕಿದಳು. "ಚಕ್ರ ಓಲಾಡ್ತಿತ್ತು. ಯಾಕೆ ಅಂತ ಇವತ್ತು ನಾವೇ ಹುಡುಕ್ಬೇಕು ಅಂತಿದ್ವಿ."

ನಿನ್ನೆ ಮಕ್ಕಳು ಹೋದ ಮೇಲೆ, ಕಣ್ಣೆಳೆಯುತ್ತಿದ್ದರೂ ಕೂತು, ಮಾಮನೇ ಆ ಚಕ್ರ ಬಿಚ್ಚಿ ಸರಿಯಾಗಿ ಜೋಡಿಸಿದ್ದ. "ನಾಳೆನೇ ಸ್ಪರ್ಧೆ ಅಲ್ವಾ. ಸೋತ್ರೆ..."

"ಸೋತ್ರೆ ಸೋಲೋದು ನಾವಲ್ವಾ, ಮಾಮ?" ಎನ್ನುತ್ತಾ ಪುಟ್ಟಿ ಅವನ ಜೇಬಿನಿಂದ ಸ್ಕ್ರೂಡ್ರೈವರ್ ಎಳೆದುಕೊಂಡಳು. ಅವನು ತಡೆಯಲಿಲ್ಲ. ಅವಳ ಕೈಯಲ್ಲಿ ಚಕ್ರ ಮತ್ತೆ ಸಡಿಲವಾಯಿತು, ರೋಬೋಟ್ ಅಡ್ಡಾದಿಡ್ಡಿ ಓಡಿ ಮೇಜಿನ ಅಂಚಿನ ಪಟ್ಟಿಗೆ ಡಿಕ್ಕಿ ಹೊಡೆಯಿತು, ಮಕ್ಕಳು ಬಿದ್ದು ಬಿದ್ದು ನಗುತ್ತಾ ಅದರ ಸುತ್ತ ಮುಗಿಬಿದ್ದರು. ಮಾಮ ಗೋಡೆ ಬದಿಯ ಕುರ್ಚಿಗೆ ಒರಗಿ, ಖಾಲಿ ಜೇಬಿನ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದ.