ಕಡವಿನ ಕೆಂಪು ಸೀರೆ

ಆಸ್ಪತ್ರೆಯ ಜಗಲಿಯಿಂದ ನರ್ಸ್ ಕಾಂತಮ್ಮ ನೋಡಿದಾಗ, ಹೊಳೆ ನಡುವಿನ ಗಡ್ಡೆಯೂರಿನ ದೋಣಿ ಕಡವಿನಲ್ಲಿ ಬಿದಿರು ಗಳಕ್ಕೆ ಕಟ್ಟಿದ ಕೆಂಪು ಸೀರೆ ಹಾರಾಡುತ್ತಿತ್ತು. ಊರಲ್ಲಿ ಯಾರಿಗೋ ಹೆರಿಗೆ ನೋವು ಶುರುವಾಗಿದೆ ಎಂದು ಅರ್ಥ. ಈಗಿನ ತೂಗುಸೇತುವೆ ಇಲ್ಲದ, ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಹನ್ನೆರಡು ಮನೆಗಳ ಆ ಊರಿಗೆ ಎಲ್ಲವೂ ಅಂಬಿಗ ಮಾರಿಯ ದೋಣಿಯಲ್ಲೇ ಬರಬೇಕು. ಬಂದದ್ದು ಉಪ್ಪೋ, ತವರಿನ ಕಾಗದವೋ ಎಂಬುದನ್ನು ಹೆಂಗಸರು ಅವನ ಕೂಗಿನ ರಾಗದಲ್ಲೇ ತಿಳಿಯುತ್ತಿದ್ದರು. ಕಾವೇರಿ ತುಂಬಿದರೆ ಅದೆಲ್ಲ ಬಂದ್. ಕೆಂಪು ಸೀರೆ ಕಂಡರೆ ಮಾತ್ರ ಮಾರಿ ಎಂಥ ನೀರಿಗೂ ದೋಣಿ ಇಳಿಸುತ್ತಿದ್ದ.

ಹನ್ನೊಂದು ದಿನದಿಂದ ಕಟ್ಟಿದ್ದ ಹಗ್ಗ ಬಿಚ್ಚುತ್ತ ಅವನು ಕೇಳಿದ, "ಬಸುರಿ ಅಂದ್ರೆ ಕೆಂಪಣ್ಣನ ಸೊಸೆ ಒಬ್ಬಳೇ, ಅವಳಿಗೆ ಇನ್ನೂ ಆರು ತಿಂಗಳಲ್ವಾ ನರ್ಸಮ್ಮ?"

"ಮಗು ನಿನ್ನ ಕೇಳಿ ಬರುತ್ತೇನೋ? ಹುಟ್ಟು ಹಾಕು."

ನಡುಹೊಳೆಯಲ್ಲಿ ತೇಲಿಬಂದ ಮರವೊಂದು ದೋಣಿಗೆ ಬಡಿಯಿತು. ಸೊಂಟದವರೆಗೆ ಒದ್ದೆಯಾದ ಕಾಂತಮ್ಮ ಚೀಲವನ್ನು ಎದೆಗೆ ಅವಚಿಕೊಂಡೇ ಕಡವಿನಲ್ಲಿ ಇಳಿದಳು. ಊರವರೆಲ್ಲ ಆಚೆ ತುದಿಯ ಗದ್ದೆಯಲ್ಲಿ ನಾಟಿಗೆ ಹೋಗಿದ್ದರು. ಗಳದ ಕೆಳಗೆ ಚಲುವಮ್ಮ ಒಬ್ಬಳೇ ನಿಂತಿದ್ದಳು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಮಕ್ಕಳಿರಲಿಲ್ಲ. ನರ್ಸಮ್ಮನ ಚೀಲವನ್ನು ಹೆರಿಗೆ ಮನೆಯ ಬಾಗಿಲವರೆಗೆ ಹೊರುವವಳು ಅವಳೇ. ಒಳಗೆ ಮಾತ್ರ ಅವಳನ್ನು ಯಾರೂ ಕರೆಯುತ್ತಿರಲಿಲ್ಲ.

"ಯಾವ ಮನೆ?"

"ನಮ್ಮನೆ."

ಕಾಂತಮ್ಮನ ಕಣ್ಣು ಅವಳ ಹೊಟ್ಟೆಗೆ ಹೋಗಿ ಬಂತು. ಮಾರಿಗೆ ಕೇಳಿಸದಂತೆ, "ಮೊದಲು ಆ ಸೀರೆ ಇಳಿಸು" ಎಂದಳು.

ಮನೆಯೊಳಗೆ ಕಾಲಿಟ್ಟ ಮೇಲೆ ಸಿಟ್ಟು ತಡೆಯಲಾಗಲಿಲ್ಲ. "ಹೊಳೆ ನೋಡಿದೀಯಾ? ಮಾರಿಗೆ ಮೂರು ಮಕ್ಕಳು. ನಾಳೆ ನಿಜವಾಗಿ ಒಬ್ಬಳು ನೋವು ತಿನ್ನುವಾಗ ಅವನು ಬರಲ್ಲ ಅಂದ್ರೆ? ಊರಿಗೆ ಗೊತ್ತಾದ್ರೆ ನಿನ್ನನ್ನ ಉಳಿಸ್ತಾರಾ?"

"ಉಳಿಸಾಕಿಲ್ಲ. ಗೊತ್ತು ಕಣವ್ವ." ಚಲುವಮ್ಮ ನೆಲ ನೋಡುತ್ತ ಹೇಳಿದಳು. "ಹೊಳೆ ತುಂಬೋಕೆ ಮುಂಚೆ ಅತ್ತೇನೂ ನಮ್ಮ ಯಜಮಾನ್ರೂ ಹೆಬ್ಬಾಲೆಗೆ ಹೋದ್ರು. ಇವರಿಗೆ ಇನ್ನೊಂದು ಹೆಣ್ಣು ನೋಡಕ್ಕೆ. ನೀರಿಳಿದ ಮ್ಯಾಕೆ ಕರ್ಕಂಡೇ ಬತ್ತಾರೆ. ಇಷ್ಟು ವರ್ಸ ನಿಮ್ಮ ಚೀಲ ಹೊತ್ಕಂಡು ಬ್ಯಾರೆಯೋರ ಬಾಗಿಲಗಂಟ ಬಂದಿವ್ನಿ. ಒಂದು ದಪ ನನಗೂ ಅಂತ ದೋಣಿ ಬರ್ಲಿ ಅನ್ನಿಸ್ತು."

ಕಾಂತಮ್ಮ ಚೀಲ ಕೆಳಗಿಟ್ಟು ಒದ್ದೆ ಸೆರಗು ಹಿಂಡಿದಳು. ಆಮೇಲೆ ಬಚ್ಚಲ ಕಡೆ ನೋಡಿ ಕೇಳಿದಳು, "ನೀರು ಕಾಯಿಸಿದೀಯಾ?"

"ಹಂಡೆ ತುಂಬ ಕಾದದೆ."

"ಹರಳೆಣ್ಣೆ ತಾ. ಜಡೆ ಬಿಚ್ಚು."

"ಬ್ಯಾಡಿ ನರ್ಸಮ್ಮ, ಅದು ಬಾಣಂತೀರಿಗೆ."

"ಇಂಥ ಹೊಳೆ ದಾಟಿ ಬಂದವಳು ಕೆಲಸ ಮಾಡದೆ ಹೋಗ್ತೀನಾ? ಕೂತ್ಕೋ."

ನೆತ್ತಿಗೆ ಎಣ್ಣೆ ಬಡಿದು, ಬೆನ್ನು, ಸೊಂಟ, ಪಾದ ನೀವಿ, ಚೆಂಬು ಚೆಂಬಾಗಿ ಬಿಸಿನೀರು ಹೊಯ್ದಳು. ಅವ್ವ ತೀರಿಕೊಂಡ ಮೇಲೆ ಚಲುವಮ್ಮನ ತಲೆಯನ್ನು ಇನ್ನೊಬ್ಬರ ಕೈ ಮುಟ್ಟಿದ್ದು ಅಂದೇ. ಹಂಡೆ ಖಾಲಿಯಾಗುವವರೆಗೂ ಅವಳು ಬಾಯಿಬಿಟ್ಟು ಅತ್ತಳು. ಕಾಂತಮ್ಮ ಸುಮ್ಮನಿರು ಎನ್ನಲಿಲ್ಲ.

ದೋಣಿ ಹೊರಟಾಗ ಮಾರಿ ಎಂದಿನಂತೆ ಕೇಳಿದ, "ಏನು ನರ್ಸಮ್ಮ, ಗಂಡಾ ಹೆಣ್ಣಾ?"

ಕಾಂತಮ್ಮನಿಗೆ ಅವನ ಹತ್ತಿರ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಹೆಣ್ಣು," ಎಂದಳು. "ಮೂವತ್ತು ವರ್ಷದ್ದು."

ಮಾರಿ ಹುಟ್ಟು ಎತ್ತಿ ಹಿಡಿದು ಕಡವಿನತ್ತ ತಿರುಗಿ ನೋಡಿದ. ದೋಣಿ ಸೆಳವಿಗೆ ಸಿಕ್ಕಿ ಒಂದು ಸುತ್ತು ತಿರುಗಿತು.

"ಬದುಕ್ತದಾ?" ಎಂದು ಕೇಳಿದ.